‘ಚಾರ್ಟ್‌ನಲ್ಲಿ ನಂಬರ್ 1’ ಅಂದರೆ ಯಾರ ಲೆಕ್ಕ? ಒಂದು ಡ್ಯಾನ್ಸ್ ಸಿಂಗಲ್ ಹುಟ್ಟಿ ಗೆಲ್ಲುವ ಬಗೆ

ಮೈಸೂರು, ಮಂಡ್ಯ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈಚೆಗೆ ಒಂದು ಬಗೆಯ ಪೋಸ್ಟರ್ ಜಾಸ್ತಿ ಓಡಾಡುತ್ತಿದೆ. ಕಪ್ಪು ಹಿನ್ನೆಲೆ, ನೀಲಿ ಬೆಳಕು, ಹೆಡ್‌ಫೋನ್ ಹಾಕಿದ ಹುಡುಗ. ಕೆಳಗೆ ‘ಔಟ್ ನೌ’. ಅದರ ಕೆಳಗೆ ‘ಚಾರ್ಟ್‌ನಲ್ಲಿ ನಂಬರ್ 1’. ಹುಡುಗ ನಮ್ಮ ಕಡೆಯವನೇ. ಕುವೆಂಪುನಗರದ ಮಹಡಿ ಮನೆಯಲ್ಲೋ, ಮದ್ದೂರಿನ ಯಾವುದೋ ರೂಮಿನಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತು ಮಾಡಿದ ಹಾಡು. ಮನೆಯ ಹಿರಿಯರು ಖುಷಿಯಿಂದಲೇ ಕೇಳುತ್ತಾರೆ: ‘ಯಾವ ಪಿಕ್ಚರ್ ಹಾಡಪ್ಪಾ ಇದು?’ ಪಿಕ್ಚರ್ ಇಲ್ಲ. ‘ಹಾಡಿರೋರು ಯಾರು?’ ಯಾರೂ ಹಾಡಿಲ್ಲ, ಬರೀ ಮ್ಯೂಸಿಕ್. ‘ಮತ್ತೆ ನಂಬರ್ 1 ಅಂತ ಹೇಳಿದ್ಯಾರು?’

ಮೂರನೇ ಪ್ರಶ್ನೆಗೆ ಹುಡುಗನ ಬಳಿಯೂ ಎಷ್ಟೋ ಸಲ ಉತ್ತರ ಇರುವುದಿಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ ಅದೇ. ಉತ್ತರ ಸಿಗಬೇಕಾದರೆ ಹಾಡು ಹೇಗೆ ಕಟ್ಟುತ್ತಾರೆ, ಹೇಗೆ ಬಿಡುಗಡೆ ಮಾಡುತ್ತಾರೆ, ಯಾರು ಏನನ್ನು ಎಣಿಸುತ್ತಾರೆ ಎಂಬುದೆಲ್ಲ ಸ್ವಲ್ಪ ಗೊತ್ತಿರಬೇಕು. ಇದಕ್ಕಾಗಿ ಒಂದು ಹಳೆಯ ಹಾಡನ್ನು ಜೊತೆಗಿಟ್ಟುಕೊಳ್ಳೋಣ. 1995ರಲ್ಲಿ ಇಟಲಿಯಲ್ಲಿ ಹೊರಬಂದ ‘ಚಿಲ್ಡ್ರನ್’. ಮಾಡಿದವರು ರಾಬರ್ಟ್ ಮೈಲ್ಸ್. ಅದರಲ್ಲಿ ಸಾಹಿತ್ಯವಿಲ್ಲ, ಗಾಯಕರಿಲ್ಲ. ಇರುವುದು ಒಂದು ಪಿಯಾನೋ ರಾಗ, ಅದರಡಿಯಲ್ಲಿ ಕುಣಿಸುವ ಬೀಟ್. ಮುಂದಿನ ವರ್ಷ ಅದು ಯುರೋಪಿನ ದೇಶ ದೇಶಗಳ ಚಾರ್ಟ್‌ಗಳಲ್ಲಿ, ಅಂದರೆ ಹಾಡುಗಳಿಗೆ ಸ್ಥಾನ ಕೊಡುವ ಪಟ್ಟಿಗಳಲ್ಲಿ, ಮೇಲೇರಿತು.

ಸಿಂಗಲ್ ಅಂದರೆ ಏನು?

ಒಂದೇ ಹಾಡನ್ನು ಒಂಟಿಯಾಗಿ ಬಿಡುಗಡೆ ಮಾಡಿದರೆ ಅದು ಸಿಂಗಲ್. ಎಂಟು ಹತ್ತು ಹಾಡು ಒಟ್ಟಿಗೆ ಬಂದರೆ ಆಲ್ಬಂ.

ನಮ್ಮಲ್ಲಿ ಹಾಡು ಎಂದರೆ ಸಿನಿಮಾ ಹಾಡು ಎಂದೇ ರೂಢಿ. ಕ್ಯಾಸೆಟ್ ಕಾಲದಲ್ಲಿ ಒಂದು ಪಿಕ್ಚರಿನ ಐದಾರು ಹಾಡೂ ಒಟ್ಟಿಗೆ ಬರುತ್ತಿದ್ದವು, ಹಾಡಿನ ಹಣೆಬರಹ ಪಿಕ್ಚರಿನ ಜೊತೆ ಅಂಟಿಕೊಂಡಿರುತ್ತಿತ್ತು. ಈಗ ಕನ್ನಡ ಸಿನಿಮಾದವರೂ ಒಂದೊಂದೇ ಹಾಡಿನ ಲಿರಿಕಲ್ ವಿಡಿಯೋವನ್ನು ವಾರಗಳ ಅಂತರದಲ್ಲಿ ಬಿಡುತ್ತಾರೆ. ಅದೂ ಒಂದು ಲೆಕ್ಕದಲ್ಲಿ ಸಿಂಗಲ್ಲೇ.

ಪಶ್ಚಿಮದಲ್ಲಿ ಸಿಂಗಲ್‌ನ ಉದ್ದ ಇಷ್ಟೇ ಇರಬೇಕು ಎಂದು ತೀರ್ಮಾನಿಸಿದ್ದು ರೆಕಾರ್ಡ್ ತಟ್ಟೆ. 1949ರಲ್ಲಿ ಬಂದ ಏಳಿಂಚಿನ ರೆಕಾರ್ಡ್‌ನ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷಕ್ಕಿಂತ ಜಾಸ್ತಿ ಹಿಡಿಸುತ್ತಿರಲಿಲ್ಲ. ಕುಣಿಯುವವರಿಗೆ ಅದು ಸಾಲದು. ಹಾಗಾಗಿ 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್‌ನಲ್ಲಿ ಹನ್ನೆರಡು ಇಂಚಿನ ಸಿಂಗಲ್ ಬಂತು. ತಟ್ಟೆ ದೊಡ್ಡದಾದ್ದರಿಂದ ಅದರ ಮೇಲಿನ ಗೀರುಗಳಿಗೆ ಜಾಗ ಜಾಸ್ತಿ. ಗೀರು ಅಗಲವಾದರೆ ಬೇಸ್, ಅಂದರೆ ತಗ್ಗಿನ ಶಬ್ದ, ಜೋರಾಗಿ ಬರುತ್ತದೆ, ಹಾಡೂ ಉದ್ದವಾಗಬಹುದು. ಡ್ಯಾನ್ಸ್ ಹಾಡುಗಳು ಇಂದಿಗೂ ಎರಡು ರೂಪದಲ್ಲಿ ಬರುವುದು ಈ ಕಾರಣಕ್ಕೆ. ಮೂರು ನಾಲ್ಕು ನಿಮಿಷದ ರೇಡಿಯೋ ಎಡಿಟ್ ಒಂದು, ಆರೇಳು ನಿಮಿಷದ ಕ್ಲಬ್ ಮಿಕ್ಸ್ ಇನ್ನೊಂದು. ‘ಚಿಲ್ಡ್ರನ್’ಗೂ ಸುಮಾರು ನಾಲ್ಕು ನಿಮಿಷದ ರೇಡಿಯೋ ರೂಪವಿದೆ, ಏಳು ನಿಮಿಷ ಮೀರಿದ ಉದ್ದ ರೂಪವೂ ಇದೆ.

ಬೀಟ್, ಬಾರ್, ಡ್ರಾಪ್

ಗಡಿಯಾರದ ಸೆಕೆಂಡ್ ಮುಳ್ಳು ನಿಮಿಷಕ್ಕೆ 60 ಸಲ ಟಿಕ್ ಎನ್ನುತ್ತದೆ. ಅದರ ಎರಡರಷ್ಟು ವೇಗದಲ್ಲಿ ಮೇಜಿನ ಮೇಲೆ ತಟ್ಟಿ. ಅದು ನಿಮಿಷಕ್ಕೆ 120 ಬೀಟ್. ಇದನ್ನೇ ಈ ಹುಡುಗರು ‘120 ಬಿಪಿಎಂ’ ಅನ್ನುತ್ತಾರೆ. ಹೌಸ್ ಎಂಬ ಬಗೆಯ ಡ್ಯಾನ್ಸ್ ಸಂಗೀತ ಹೆಚ್ಚಾಗಿ ಈ ವೇಗದ ಆಸುಪಾಸಿನಲ್ಲಿರುತ್ತದೆ. ಟ್ರಾನ್ಸ್ ಎಂಬ ಬಗೆ 130ರಿಂದ 140ರವರೆಗೆ ಹೋಗುತ್ತದೆ. ‘ಚಿಲ್ಡ್ರನ್’ ವೇಗ ಸುಮಾರು 137.

ನಾಲ್ಕು ಬೀಟ್ ಸೇರಿದರೆ ಒಂದು ಬಾರ್. ಸಂಗೀತ ಕಲಿತವರಿಗೆ ಇದು ಬೇಗ ಹಿಡಿಯುತ್ತದೆ. ಆದಿತಾಳದ ಒಂದು ಆವರ್ತಕ್ಕೆ ಎಂಟು ಎಣಿಕೆ, ಇಲ್ಲಿ ಎರಡು ಬಾರ್‌ಗೆ ಎಂಟು. ನಾಲ್ಕು ಬೀಟಿಗೂ ತಪ್ಪದೆ ‘ಧಂ ಧಂ ಧಂ ಧಂ’ ಎಂದು ಬೀಳುವ ದಪ್ಪ ಏಟಿಗೆ ಕಿಕ್ ಎನ್ನುತ್ತಾರೆ. ಡ್ಯಾನ್ಸ್ ಹಾಡಿನಲ್ಲಿ ಯಾವುದೇ ಬದಲಾವಣೆ ಬರುವುದು ಎಂಟು, ಹದಿನಾರು, ಮೂವತ್ತೆರಡು ಬಾರ್‌ಗಳಿಗೊಮ್ಮೆ. ಕುಣಿಯುವವರು ಎಣಿಸುವುದಿಲ್ಲ. ಆದರೆ ಮೈಗೆ ಗೊತ್ತಿರುತ್ತದೆ, ಈಗೇನೋ ಬರುತ್ತದೆ ಎಂದು.

ಹಾಡು ಕಟ್ಟುವ ಸಾಫ್ಟ್‌ವೇರ್‌ನಲ್ಲಿ, ಅಂದರೆ ಎಫ್‌ಎಲ್ ಸ್ಟುಡಿಯೋ ಅಥವಾ ಏಬಲ್‌ಟನ್‌ನಂಥದ್ದರಲ್ಲಿ, ಒಂದು ಹಾಡನ್ನು ತೆರೆದು ನೋಡಿದರೆ ಈ ಕಟ್ಟು ಕಣ್ಣಿಗೇ ಕಾಣುತ್ತದೆ. ಎಡದಿಂದ ಬಲಕ್ಕೆ ಕಾಲ. ಮೇಲಿಂದ ಕೆಳಗೆ ಒಂದೊಂದು ವಾದ್ಯಕ್ಕೆ ಒಂದೊಂದು ಪಟ್ಟಿ. ಕಿಕ್‌ನ ಪಟ್ಟಿಯಲ್ಲಿ ಸಮ ಅಂತರದಲ್ಲಿ ಪುಟ್ಟ ಚೌಕಗಳು. ಹಾಡಿನ ನಡುವೆ ಒಂದು ಕಡೆ ಆ ಚೌಕಗಳು ಪೂರ್ತಿ ಖಾಲಿ. ಅಲ್ಲಿ ಬೀಟ್ ನಿಂತು ರಾಗ ಮಾತ್ರ ಉಳಿಯುತ್ತದೆ. ಇದು ಬ್ರೇಕ್‌ಡೌನ್. ಆಮೇಲೆ ಸ್ನೇರ್ ಡ್ರಮ್ ಶುರುವಾಗುತ್ತದೆ. ಮೊದಲು ಬೀಟಿಗೊಂದು, ಆಮೇಲೆ ಬೀಟಿಗೆರಡು, ಆಮೇಲೆ ನಾಲ್ಕು. ಇದು ಬಿಲ್ಡಪ್. ಒಂದು ಕ್ಷಣ ಮೌನ. ಮತ್ತೆ ಕಿಕ್, ಬೇಸ್ ಎಲ್ಲ ಒಟ್ಟಿಗೆ ಬೀಳುತ್ತವೆ. ಅದೇ ಡ್ರಾಪ್. ಯುವ ದಸರಾದಲ್ಲಿ ಸೇರುವ ದೊಡ್ಡ ಜನಸಾಗರ ಒಂದೇ ಸಲ ಎಗರುವುದು ಇಂಥ ಡ್ರಾಪ್ ಬಿದ್ದಾಗಲೇ.

ಇನ್ನೊಂದು ಸಣ್ಣ ಕೈಚಳಕ ಗಮನಿಸಿ. ಪ್ರತಿ ಕಿಕ್ ಬೀಳುವಾಗ ಉಳಿದ ವಾದ್ಯಗಳ ದನಿಯನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತಗ್ಗಿಸುತ್ತಾರೆ. ಕಿಕ್ ಸ್ಪಷ್ಟವಾಗಿ ಕೇಳಲಿ ಎಂದು. ಇದರ ಹೆಸರು ಸೈಡ್‌ಚೈನ್. ಇಡೀ ಹಾಡು ಉಸಿರಾಡುತ್ತಿದೆ ಅನ್ನಿಸುವುದು ಇದರಿಂದಲೇ.

ಬೀಟ್ ಇದ್ದ ಮೇಲೆ ರಾಗ ಯಾಕೆ?

ಮೈದಾನದ ದೊಡ್ಡ ಸ್ಪೀಕರ್‌ನಲ್ಲಿ ಕಿಕ್ ಒಂದೇ ಸಾಕು, ಎದೆ ನಡುಗುತ್ತದೆ. ಅದೇ ಹಾಡನ್ನು ಮೊಬೈಲ್‌ನಲ್ಲಿ ಹಾಕಿ ನೋಡಿ. ಪುಟ್ಟ ಸ್ಪೀಕರ್‌ನಿಂದ ಅಷ್ಟು ತಗ್ಗಿನ ಶಬ್ದ ಹೊರಡುವುದೇ ಇಲ್ಲ. ಉಳಿಯುವುದು ಟಿಕ್ ಟಿಕ್ ಸದ್ದು ಮಾತ್ರ. ಬೀಟನ್ನೇ ನಂಬಿದ ಹಾಡು ಮೈದಾನದಿಂದ ಮನೆಗೆ ಬರುವಾಗ ಸೊರಗಿಹೋಗುತ್ತದೆ. ರಾಗ ಹಾಗಲ್ಲ. ಅದು ಮೊಬೈಲ್‌ನಲ್ಲೂ ಕೇಳುತ್ತದೆ, ಮಂಡ್ಯದ ಆಟೋದ ಹಿಂದಿನ ಬಾಕ್ಸ್‌ನಲ್ಲೂ ಕೇಳುತ್ತದೆ. ಕೊನೆಗೆ ಪಾತ್ರೆ ತೊಳೆಯುವಾಗ ಬಾಯಲ್ಲಿ ಗುನುಗುತ್ತದೆ. ಬೀಟನ್ನು ಯಾರೂ ಗುನುಗುವುದಿಲ್ಲ ಅಲ್ವಾ?

ಡ್ಯಾನ್ಸ್ ಹಾಡುಗಳಲ್ಲಿ ಹೆಚ್ಚಿನವು ಕ್ಲಬ್ಬಿನಲ್ಲೇ ಹುಟ್ಟಿ ಕ್ಲಬ್ಬಿನಲ್ಲೇ ಮುಗಿಯುತ್ತವೆ. ಗೋಡೆ ದಾಟಿ ಎಲ್ಲರ ಚಾರ್ಟ್‌ಗೆ ಬರುವವು ಬಹುಮಟ್ಟಿಗೆ ರಾಗ ಗಟ್ಟಿಯಿರುವವೇ. ‘ಚಿಲ್ಡ್ರನ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಿಯಾನೋ ರಾಗ ಎಫ್ ಮೈನರ್ ಎಂಬ ಸ್ವರಸಮೂಹದಲ್ಲಿದೆ. ಪಶ್ಚಿಮದವರ ಸಹಜ ಮೈನರ್ ಸ್ಕೇಲ್ ಮತ್ತು ನಮ್ಮ 20ನೇ ಮೇಳಕರ್ತ ನಠಭೈರವಿಯ ಸ್ವರಗಳು ಒಂದೇ. ಇದರಿಂದ ಅದು ಕರ್ನಾಟಕ ಸಂಗೀತವಾಗುವುದಿಲ್ಲ, ಗಮಕವೇ ಇಲ್ಲವಲ್ಲ. ಆದರೂ ಕಛೇರಿ ಕೇಳಿ ಬೆಳೆದ ಮೈಸೂರಿನ ಕಿವಿಗೆ ಆ ರಾಗದ ನೋವು ಬೇಗ ತಟ್ಟುತ್ತದೆ.

ಆ ನೋವು ಸುಮ್ನೆ ಬಂದದ್ದಲ್ಲ. ಯುದ್ಧದಲ್ಲಿ ನಲುಗಿದ್ದ ಯುಗೊಸ್ಲಾವಿಯಾದಿಂದ ತಂದೆ ತಂದಿದ್ದ ಮಕ್ಕಳ ಫೋಟೋಗಳು ತಮ್ಮನ್ನು ಕಲಕಿದವು ಎಂದು ಮೈಲ್ಸ್ ಹೇಳಿಕೊಂಡಿದ್ದರು. ಎರಡನೇ ಕಾರಣವೂ ಇತ್ತು. ಆ ದಿನಗಳಲ್ಲಿ ಇಟಲಿಯ ಯುವಕರು ಶನಿವಾರ ರಾತ್ರಿಯೆಲ್ಲ ಕ್ಲಬ್ಬುಗಳಲ್ಲಿ ಕುಣಿದು, ಬೆಳಗಿನ ಜಾವ ಅದೇ ಜೋಷ್‌ನಲ್ಲಿ ಕಾರು ಓಡಿಸಿ ಅಪಘಾತದಲ್ಲಿ ಸಾಯುತ್ತಿದ್ದರು. ದೇಶದಲ್ಲಿ ಇದು ದೊಡ್ಡ ಚರ್ಚೆಯಾಗಿತ್ತು. ರಾತ್ರಿಯ ಕೊನೆಗೆ ಹಾಕಿದರೆ ಕುಣಿಯುವವರ ಎದೆಬಡಿತ ತಗ್ಗಬೇಕು, ಶಾಂತವಾಗಿ ಮನೆಗೆ ಹೋಗಬೇಕು, ಅಂಥ ಹಾಡು ಬೇಕಿತ್ತು. ಬೀಟ್ ಇದ್ದೂ ಸಮಾಧಾನ ಮಾಡುವ ಹಾಡು. ಈ ಬಗೆಗೆ ಡ್ರೀಮ್ ಹೌಸ್ ಎಂಬ ಹೆಸರೂ ಬಂತು. ಡ್ಯಾನ್ಸ್ ಸಂಗೀತ ಅಂದರೆ ಬರೀ ಗದ್ದಲ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಹಾಡಿನ ಹಿನ್ನೆಲೆಯನ್ನೇ.

ಮೂವತ್ತು ಸೆಕೆಂಡಿನ ಕಟ್ಟುಪಾಡು

ಹಳೆಯ ಡ್ಯಾನ್ಸ್ ಹಾಡುಗಳು ಶುರುವಾಗುವುದೇ ನಿಧಾನ. ಮೊದಲ ಹದಿನಾರು ಬಾರ್ ಬರೀ ಕಿಕ್, ಸಿಂಬಲ್. ಇದಕ್ಕೆ ಕಾರಣ ಡಿಜೆ. ಒಂದು ಹಾಡು ಮುಗಿಯುವಾಗಲೇ ಇನ್ನೊಂದನ್ನು ಅದರ ಮೇಲೆ ಕೂರಿಸಬೇಕು, ಕುಣಿತ ನಿಲ್ಲಬಾರದು. ಎರಡು ರಾಗ ಒಂದರ ಮೇಲೊಂದು ಬಿದ್ದರೆ ಕಿವಿಗೆ ಕಷ್ಟ. ಅದಕ್ಕೇ ಆರಂಭ, ಅಂತ್ಯ ಎರಡೂ ಬರಿ ಬೀಟ್.

137ರ ವೇಗದಲ್ಲಿ ಹದಿನಾರು ಬಾರ್ ಎಂದರೆ ಎಷ್ಟು ಹೊತ್ತು? ಲೆಕ್ಕ ಹಾಕಿದರೆ ಸುಮಾರು 28 ಸೆಕೆಂಡ್. ಈಗ ಈ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಡಿ. ಸ್ಪಾಟಿಫೈ ಎಂಬ ಹಾಡು ಕೇಳುವ ಆ್ಯಪ್‌ನಲ್ಲಿ ಒಂದು ಹಾಡನ್ನು ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ ಅದು ಒಂದು ಸ್ಟ್ರೀಮ್ ಎಂದು ಎಣಿಕೆಯಾಗುತ್ತದೆ. ರಾಗ ಶುರುವಾಗುವುದು 28ನೇ ಸೆಕೆಂಡಿಗೆ, ಕೇಳುಗ ಬೇಜಾರಾಗಿ 20ಕ್ಕೇ ಮುಂದಿನ ಹಾಡಿಗೆ ಹೋದ. ಹಾಡು ಎಷ್ಟೇ ಚೆನ್ನಾಗಿರಲಿ, ಲೆಕ್ಕಕ್ಕೇ ಬರಲಿಲ್ಲ.

ಅದಕ್ಕೇ ಈಗಿನ ಸಿಂಗಲ್‌ಗಳಲ್ಲಿ ರಾಗ ಮೊದಲ ಹತ್ತು ಸೆಕೆಂಡಿನೊಳಗೇ ಮುಖ ತೋರಿಸುವುದು ಜಾಸ್ತಿ. ಡಿಜೆಗಳಿಗೆಂದು ಉದ್ದದ ‘ಎಕ್ಸ್‌ಟೆಂಡೆಡ್ ಮಿಕ್ಸ್’ ಬೇರೆಯೇ ಇರುತ್ತದೆ. ಹಿಂದೆ ತಟ್ಟೆಯ ಅಳತೆಗೆ ಹಾಡು ಬಗ್ಗುತ್ತಿತ್ತು, ಈಗ ಎಣಿಕೆಯ ನಿಯಮಕ್ಕೆ ಬಗ್ಗುತ್ತಿದೆ.

ಬಿಡುಗಡೆ: ಲ್ಯಾಪ್‌ಟಾಪಿನಿಂದ ಆ್ಯಪ್‌ವರೆಗೆ

ಹಾಡು ಕಟ್ಟಿದ ಮೇಲೆ ಎರಡು ಕೆಲಸ. ಮಿಕ್ಸಿಂಗ್ ಎಂದರೆ ಒಂದೊಂದು ವಾದ್ಯದ ಏರಿಳಿತ ಹೊಂದಿಸುವುದು. ಮಾಸ್ಟರಿಂಗ್ ಎಂದರೆ ಇಡೀ ಹಾಡಿನ ಒಟ್ಟು ದನಿಯ ಮಟ್ಟ ಸರಿಮಾಡುವುದು. ಇಲ್ಲಿ ಹೊಸಬರು ಹಾಡನ್ನು ಆದಷ್ಟೂ ಜೋರು ಮಾಡಲು ಹೋಗುತ್ತಾರೆ. ಪ್ರಯೋಜನವಿಲ್ಲ. ಸ್ಪಾಟಿಫೈನಂಥ ಆ್ಯಪ್‌ಗಳು ಜೋರಾಗಿರುವ ಹಾಡಿನ ದನಿಯನ್ನು ತಾವೇ ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಜೋರು ಮಾಡುವ ಭರದಲ್ಲಿ ಹಾಡಿನ ಏರಿಳಿತ ಸತ್ತಿದ್ದರೆ ಅದು ಮಾತ್ರ ವಾಪಸ್ ಬರುವುದಿಲ್ಲ.

ನೀವು ನೇರವಾಗಿ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್‌ಗಳಿಗೆ ಹಾಡು ಹಾಕಲು ಸಾಮಾನ್ಯವಾಗಿ ಆಗುವುದಿಲ್ಲ. ನಡುವೆ ಡಿಸ್ಟ್ರಿಬ್ಯೂಟರ್ ಇರುತ್ತಾರೆ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಇಂಥವು. ಹಾಡು, ಚೌಕಾಕಾರದ ಮುಖಚಿತ್ರ, ಯಾರ್ಯಾರು ಏನೇನು ಮಾಡಿದರು ಎಂಬ ವಿವರ ಕೊಟ್ಟರೆ ಅವರು ಎಲ್ಲ ಕಡೆ ತಲುಪಿಸುತ್ತಾರೆ. ಹಾಡಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ–ಅಂಕಿಗಳ ಸಂಕೇತ ಸಿಗುತ್ತದೆ. ನೋಂದಾಯಿಸಿದ ದೇಶ ಯಾವುದು, ಯಾರು, ಯಾವ ವರ್ಷ, ಎಷ್ಟನೇ ಹಾಡು ಎಂಬುದೆಲ್ಲ ಅದರಲ್ಲಿರುತ್ತದೆ. ಯಾವ ಆ್ಯಪ್‌ನಲ್ಲಿ ಎಲ್ಲಿ ಓಡಿದರೂ ಲೆಕ್ಕ ಈ ಸಂಕೇತಕ್ಕೆ ಬಂದು ಸೇರಬೇಕು. ಹೆಸರಿನ ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ಥರ ಇದ್ದರೂ ಸಂಕೇತ ಒಂದೇ ಇದ್ದರೆ ಹಾಡು ಗುರುತು ಸಿಗುತ್ತದೆ.

ಲೇಬಲ್ ಎಂದರೆ ಹಾಡಿಗೆ ದುಡ್ಡು ಹಾಕಿ, ಪ್ರಚಾರ ಮಾಡಿ, ಹಕ್ಕಿನಲ್ಲಿ ಪಾಲು ಪಡೆಯುವ ಕಂಪನಿ. ರೆಕಾರ್ಡಿಂಗ್‌ಗೆ ಯಾರಾದರೂ ದುಡ್ಡು ಹಾಕಲೇಬೇಕು ಎನ್ನುವಾಗ ಮೈಸೂರಿನವರು ನೆನೆಯಬೇಕಾದ ಒಂದು ಸಂಗತಿ ಇದೆ. 1940ರ ದಶಕದ ಕೊನೆಯಲ್ಲಿ ಲಂಡನ್‌ನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಎಚ್‌ಎಂವಿ ಕಂಪನಿಯಿಂದ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಆ ಸಂಗೀತಗಾರರ ಸ್ವಂತ ಪಿಯಾನೋ ನುಡಿಸುವಿಕೆ ಇಂದು ಕೇಳಲು ಸಿಗುವುದರಲ್ಲಿ ಮೈಸೂರಿನ ದುಡ್ಡಿನ ಪಾಲಿದೆ.

ಬಿಡುಗಡೆಯ ದಿನ ಹೆಚ್ಚಾಗಿ ಶುಕ್ರವಾರ. 2015ರ ಜುಲೈ 10ರಿಂದ ಜಗತ್ತಿನ ಬಹುತೇಕ ದೇಶಗಳ ಸಂಗೀತ ಉದ್ಯಮ ಹೊಸ ಹಾಡಿಗೆ ಶುಕ್ರವಾರವನ್ನೇ ಗೊತ್ತುಮಾಡಿತು. ಬ್ರಿಟನ್ ಚಾರ್ಟ್‌ನ ವಾರವೂ ಶುಕ್ರವಾರದಿಂದ ಗುರುವಾರಕ್ಕೆ. ಶುಕ್ರವಾರ ಬಂದ ಹಾಡಿಗೆ ಏಳು ದಿನ ಪೂರ್ತಿ ಸಿಗುತ್ತದೆ, ಬುಧವಾರ ಬಂದದ್ದಕ್ಕೆ ಎರಡೇ ದಿನ. ಇದಲ್ಲದೆ ಸ್ಪಾಟಿಫೈನ ಪ್ಲೇಲಿಸ್ಟ್ ತಂಡಕ್ಕೆ ಹಾಡು ಕಳಿಸುವುದಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲೇ ಕಳಿಸಿರಬೇಕು. ರಾತ್ರಿ ಹಾಡು ಮುಗಿಸಿ ಬೆಳಗ್ಗೆ ಬಿಟ್ಟುಬಿಡುವವರು ಈ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಚಾರ್ಟ್: ಯಾರು, ಎಲ್ಲಿ, ಏನನ್ನು ಎಣಿಸಿದರು?

ಮಂಡ್ಯದ ಎಪಿಎಂಸಿಯಲ್ಲಿ ದಿನವೂ ಬೆಲ್ಲದ ರೇಟು ಬರೆಯುತ್ತಾರೆ. ಅಚ್ಚು ಬೆಲ್ಲಕ್ಕೊಂದು, ಕುರಿಕಟ್ಟು ಬೆಲ್ಲಕ್ಕೊಂದು. ಅದು ಆ ಮಾರುಕಟ್ಟೆಯ, ಆ ದಿನದ, ಆ ಬಗೆಯ ಬೆಲ್ಲದ ಲೆಕ್ಕ. ಅದೇ ದಿನ ಬೇರೆ ಊರಿನ ಮಾರುಕಟ್ಟೆಯಲ್ಲಿ ರೇಟು ಬೇರೆ ಇರುತ್ತದೆ. ಎರಡೂ ಸುಳ್ಳಲ್ಲ. ಯಾವ ಗಾಣದ ಬೆಲ್ಲ ಬಾಯಿಗೆ ರುಚಿ ಎಂಬುದಂತೂ ಬೋರ್ಡಿನಲ್ಲಿ ಇರುವುದೇ ಇಲ್ಲ. ಹಾಡಿನ ಚಾರ್ಟ್ ಕೂಡ ಇಂಥದ್ದೇ ಬೋರ್ಡು.

ಬ್ರಿಟನ್‌ನ ಮೊದಲ ಸಿಂಗಲ್ಸ್ ಚಾರ್ಟ್ ಬಂದದ್ದು 1952ರ ನವೆಂಬರ್ 14ರಂದು. ಒಂದು ಸಂಗೀತ ಪತ್ರಿಕೆಯವರು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ‘ಈ ವಾರ ಯಾವುದು ಜಾಸ್ತಿ ಹೋಯಿತು?’ ಎಂದು ಕೇಳಿ ಪಟ್ಟಿ ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಹಿಂದಿ ಹಾಡಿಗೆ ವಾರವಾರ ಸ್ಥಾನ ಕೊಡುವ ಆಟವನ್ನು ನಮ್ಮ ಜನಕ್ಕೆ ಹಚ್ಚಿದ್ದು ಅದೇ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ 100’ ಪಟ್ಟಿ ಬಂದದ್ದು 1958ರ ಆಗಸ್ಟ್‌ನಲ್ಲಿ. ಅದರಲ್ಲಿ ಮಾರಾಟದ ಜೊತೆ ರೇಡಿಯೋದಲ್ಲಿ ಎಷ್ಟು ಸಲ ಬಂತು ಎಂಬುದೂ ಸೇರುತ್ತದೆ. 1991ರಲ್ಲಿ ಬಿಲ್‌ಬೋರ್ಡ್ ಅಂಗಡಿಯವರ ಬಾಯಿಮಾತು ಬಿಟ್ಟು ಬಾರ್‌ಕೋಡ್ ಲೆಕ್ಕಕ್ಕೆ ಬಂತು.

‘ಚಿಲ್ಡ್ರನ್’ ಹಾಡಿನ ಚಾರ್ಟ್ ಸ್ಥಾನಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ಸ್ಪಷ್ಟವಾಗುತ್ತದೆ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್‌ಲೆಂಡ್‌ಗಳಲ್ಲಿ 1. ಬ್ರಿಟನ್‌ನಲ್ಲಿ 1996ರ ಫೆಬ್ರುವರಿಯಲ್ಲಿ 2. ಅಮೆರಿಕದ ಹಾಟ್ 100ರಲ್ಲಿ 21. ಆದರೆ ಅದೇ ಬಿಲ್‌ಬೋರ್ಡ್‌ನ ಕ್ಲಬ್ ಚಾರ್ಟ್‌ನಲ್ಲಿ ಮತ್ತೆ 1. ಒಂದೇ ಹಾಡು, ಒಂದೇ ಕಾಲ. ಕ್ಲಬ್ ಚಾರ್ಟ್ ಆಗ ಎಣಿಸುತ್ತಿದ್ದುದು ಡಿಜೆಗಳು ತಮ್ಮ ಕ್ಲಬ್ಬಿನಲ್ಲಿ ಯಾವುದಕ್ಕೆ ಜನ ಜಾಸ್ತಿ ಕುಣಿದರು ಎಂದು ಕೊಡುತ್ತಿದ್ದ ವರದಿಯನ್ನು. ಹಾಟ್ 100 ಎಣಿಸುತ್ತಿದ್ದುದು ಮಾರಾಟ ಮತ್ತು ರೇಡಿಯೋವನ್ನು. ಕುಣಿಯುವವರ ನಡುವೆ ಅದು ಗೆದ್ದಿತ್ತು, ಎಲ್ಲರ ನಡುವೆ 21ರವರೆಗೆ ಬಂದಿತ್ತು. ಎರಡೂ ನಿಜ. ಬ್ರಿಟನ್‌ನಲ್ಲಿ ಎರಡನೇ ಸ್ಥಾನ ಸಿಕ್ಕಿತೆಂದು ಹಾಡು ಚಿಕ್ಕದಾಗಲಿಲ್ಲ. 1997ರಲ್ಲಿ ಮೈಲ್ಸ್ ಅವರಿಗೆ ಅಲ್ಲಿನ ಬ್ರಿಟ್ ಪ್ರಶಸ್ತಿಯೂ ಬಂತು.

ಈಗ ತಟ್ಟೆ ಕೊಳ್ಳುವವರು ಕಡಿಮೆ. ಹಾಗಾಗಿ 2014ರಿಂದ ಬ್ರಿಟನ್ ಚಾರ್ಟ್ ಸ್ಟ್ರೀಮ್‌ಗಳನ್ನೂ ಸೇರಿಸಿತು. ಒಂದು ಸಲ ಕೇಳಿದ್ದು, ಒಂದು ಸಲ ಕೊಂಡದ್ದು ಎರಡೂ ಸಮವಲ್ಲ. 2018ರಲ್ಲಿ ಮಾಡಿದ ನಿಯಮದಂತೆ, ದುಡ್ಡು ಕಟ್ಟಿದವರ 100 ಸ್ಟ್ರೀಮ್ ಅಥವಾ ಜಾಹೀರಾತಿನ ಜೊತೆ ಪುಕ್ಕಟೆ ಕೇಳುವವರ 600 ಸ್ಟ್ರೀಮ್ ಸೇರಿದರೆ ಒಂದು ಮಾರಾಟ. ಅಂದರೆ ಪುಕ್ಕಟೆ ಖಾತೆಗಳಿಂದ ಬಂದ ಆರು ಲಕ್ಷ ಸ್ಟ್ರೀಮ್ ಅಲ್ಲಿ ಒಂದು ಸಾವಿರ ಮಾರಾಟಕ್ಕೆ ಸಮ. ಹಳೆಯದಾಗಿ ಇಳಿಯುತ್ತಿರುವ ಹಾಡಿಗೆ ಲೆಕ್ಕ ಇನ್ನೂ ಬಿಗಿ, ಹೊಸದಕ್ಕೆ ಜಾಗ ಸಿಗಲಿ ಎಂದು.

ನಮ್ಮ ದೇಶದ ಮಟ್ಟಿಗೆ, ಬಿಲ್‌ಬೋರ್ಡ್ 2022ರಲ್ಲಿ ಭಾರತದಲ್ಲಿ ಓಡುವ ಹಾಡುಗಳಿಗೊಂದು ವಾರದ ಪಟ್ಟಿ ಶುರುಮಾಡಿತು. ಅದಕ್ಕೆ ಮೊದಲು 2021ರಲ್ಲಿ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಸಂಸ್ಥೆ 20 ಹಾಡಿನ ಚಾರ್ಟ್ ತಂದಿತ್ತು, ಆದರೆ ಅದು ವಿದೇಶಿ ಹಾಡುಗಳಿಗೆ ಮಾತ್ರ.

ಪೋಸ್ಟರ್ ಓದುವುದು ಹೇಗೆ?

ಡ್ಯಾನ್ಸ್ ಹುಡುಗರ ಪೋಸ್ಟರಿನಲ್ಲಿ ಹೆಚ್ಚಾಗಿ ಕಾಣುವ ಹೆಸರು ಬೀಟ್‌ಪೋರ್ಟ್. 2004ರಲ್ಲಿ ಶುರುವಾದ, ಡಿಜೆಗಳು ಹಾಡು ಕೊಳ್ಳುವ ಆನ್‌ಲೈನ್ ಅಂಗಡಿ ಅದು. ಅಲ್ಲಿ ಒಂದೊಂದು ಬಗೆಗೂ ಬೇರೆ ಪಟ್ಟಿ. ‘ಮೆಲೋಡಿಕ್ ಹೌಸ್ ಆ್ಯಂಡ್ ಟೆಕ್ನೋ’ ಎಂಬ ವಿಭಾಗವೇ 2018ರಿಂದ ಇದೆ. ಕೊಳ್ಳುವವರು ಡಿಜೆಗಳೇ ಆದ್ದರಿಂದ ಸಂಖ್ಯೆ ಸಣ್ಣದು, ಆದರೆ ತೂಕ ಇದೆ. ಹಾಡನ್ನು ಬಳಸುವವರೇ ಕೈಯಿಂದ ಕಾಸು ಕೊಟ್ಟು ಕೊಂಡಿದ್ದಾರೆ. ಸಣ್ಣ ವಿಭಾಗದ ಪಟ್ಟಿಯಾದರೆ ಸ್ವಲ್ಪ ಮಾರಾಟಕ್ಕೇ ಮೇಲೆ ಹೋಗಬಹುದು ಎಂಬುದೂ ನಿಜ.

ಯೂಟ್ಯೂಬ್ ಮಾತೇ ಬೇರೆ. ದುಡ್ಡು ಕೊಟ್ಟು ವಿಡಿಯೋವನ್ನು ಜಾಹೀರಾತಿನಂತೆ ಓಡಿಸಿದರೆ ವ್ಯೂಸ್ ಏರುತ್ತದೆ. ಮೊದಲ 24 ಗಂಟೆಯ ದಾಖಲೆಗೆ ಇಂಥ ವ್ಯೂಸ್ ಎಣಿಸುವುದಿಲ್ಲ ಎಂದು ಯೂಟ್ಯೂಬ್ 2019ರಲ್ಲಿ ಹೇಳಿತು. 2025ರಲ್ಲಿ ಟ್ರೆಂಡಿಂಗ್ ಪುಟವನ್ನೇ ನಿಲ್ಲಿಸಿ, ಸಂಗೀತದಂಥ ವಿಭಾಗಗಳ ಚಾರ್ಟ್‌ಗಳನ್ನು ಉಳಿಸಿಕೊಂಡಿತು. ಆದ್ದರಿಂದ ‘ಯೂಟ್ಯೂಬ್ ಟ್ರೆಂಡಿಂಗ್ ನಂಬರ್ 1’ ಎಂಬ ಹೊಸ ಪೋಸ್ಟರ್ ಕಂಡರೆ ಯಾವ ಪಟ್ಟಿ ಎಂದು ಕೇಳಬೇಕು.

ಇನ್ನು ಕೊಂಡು ತಂದ ಸ್ಟ್ರೀಮ್‌ಗಳು. ‘ಹತ್ತು ಸಾವಿರ ಸ್ಟ್ರೀಮ್, ಇಷ್ಟು ರೂಪಾಯಿ’ ಎಂದು ಮೆಸೇಜ್ ಕಳಿಸುವವರು ಬೇಕಾದಷ್ಟಿದ್ದಾರೆ. ಹಿಂದೆ ಇರುವುದು ಮನುಷ್ಯರಲ್ಲ, ತಾನಾಗಿ ಹಾಡು ಓಡಿಸುವ ಪ್ರೋಗ್ರಾಮ್‌ಗಳು. ಸ್ಪಾಟಿಫೈ ಇವನ್ನು ಪತ್ತೆ ಮಾಡಿ ತೆಗೆಯುತ್ತದೆ. 2024ರಿಂದ ಇಂಥ ಹಾಡು ತಂದ ಲೇಬಲ್, ಡಿಸ್ಟ್ರಿಬ್ಯೂಟರ್‌ಗೆ ದಂಡವನ್ನೂ ಹಾಕುತ್ತಿದೆ. ಡಿಸ್ಟ್ರಿಬ್ಯೂಟರ್ ಆ ಹಾಡನ್ನೇ ತೆಗೆದುಹಾಕಬಹುದು. ಕಷ್ಟಪಟ್ಟು ಮಾಡಿದ ಒಳ್ಳೆಯ ಹಾಡು ಹೀಗೆ ಮಾಯವಾಗುವುದು ನಿಜಕ್ಕೂ ಸಂಕಟದ ವಿಷಯ. ಹೊಸಬರ ಮನೆಯವರು ಇದೊಂದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಪೋಸ್ಟರ್ ನೋಡಿದಾಗ ಕೇಳಬೇಕಾದ್ದು ಇಷ್ಟು: ಯಾವ ಪಟ್ಟಿ, ಯಾವ ದೇಶದ್ದು, ಯಾವ ವಿಭಾಗ, ದಿನದ್ದೋ ವಾರದ್ದೋ, ಎಣಿಸಿದ್ದು ಮಾರಾಟವೋ ಕೇಳುವಿಕೆಯೋ. ಹುಡುಗನನ್ನು ಸಿಕ್ಕಿಸಲು ಅಲ್ಲ. ಸಣ್ಣ ಪಟ್ಟಿಯಲ್ಲಿ ಮೊದಲ ಸ್ಥಾನ ಬಂದಿದ್ದರೂ ಅದು ನಿಜವಾದ ಗೆಲುವೇ. ಯಾವ ಗೆಲುವು ಎಂದು ಗೊತ್ತಿದ್ದರೆ ಮನಸಾರೆ ಮೆಚ್ಚಬಹುದು.

ದುಡ್ಡು ಯಾರಿಗೆ?

ಚಾರ್ಟ್‌ನಲ್ಲಿ ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಸ್ಪಾಟಿಫೈನಲ್ಲಿ ಒಂದು ಸ್ಟ್ರೀಮ್‌ಗೆ ಇಷ್ಟು ಪೈಸೆ ಎಂಬ ನಿಗದಿ ಇಲ್ಲ. ಬಂದ ಹಣದಲ್ಲಿ ಹಾಡುಗಳಿಗೆಂದು ಇಟ್ಟ ಭಾಗವನ್ನು ಒಟ್ಟು ಸ್ಟ್ರೀಮ್‌ಗಳಲ್ಲಿ ನಿಮ್ಮ ಪಾಲು ಎಷ್ಟೋ ಅದರಂತೆ ಹಂಚುತ್ತಾರೆ. 2024ರಿಂದ, ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ಪಾಲು ಏನೂ ಇಲ್ಲ.

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ. ರಾಗ, ಸಾಹಿತ್ಯ ಕಟ್ಟಿದವರದ್ದು ಒಂದು. ರೆಕಾರ್ಡಿಂಗ್‌ನ ಒಡೆಯರದ್ದು ಇನ್ನೊಂದು. ಭಾರತದಲ್ಲಿ ಮೊದಲನೆಯದರ ರಾಯಲ್ಟಿ ಸಂಗ್ರಹಿಸುವುದು 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಸಂಸ್ಥೆ. ಸಾರ್ವಜನಿಕ ಜಾಗದಲ್ಲಿ ರೆಕಾರ್ಡಿಂಗ್ ಹಾಕುವುದಕ್ಕೆ ಪರವಾನಗಿ ಕೊಡುವವರಲ್ಲಿ ಪಿಪಿಎಲ್ ಎಂಬ ಸಂಸ್ಥೆ ಒಂದು. 2012ರ ಕಾಪಿರೈಟ್ ತಿದ್ದುಪಡಿ ಬಂದ ಮೇಲೆ ರಾಗ, ಸಾಹಿತ್ಯ ಮಾಡಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಪೂರ್ತಿ ಬರೆದುಕೊಡುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಹಾಕುವ ಡಿಜೆಗೆ ಈ ಪರವಾನಗಿಯ ಚಿಂತೆ ಬೇಡ, ಕಾನೂನೇ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟು ನಡೆಸುವ ಕಾರ್ಯಕ್ರಮಕ್ಕೆ ಅದು ಸಿಗುವುದಿಲ್ಲ.

ನಮ್ಮ ಕಡೆಯ ಹಾಡುಗಳಲ್ಲಿ ಈಗ ತಮಟೆ, ನಗಾರಿ, ಕಂಸಾಳೆಯ ಸದ್ದು ಎಲೆಕ್ಟ್ರಾನಿಕ್ ಬೀಟಿನ ಜೊತೆ ಸೇರುತ್ತಿದೆ. ಕೇಳಲು ಸೊಗಸಾಗಿದೆ, ಇನ್ನೂ ಬರಲಿ. ಜನಪದ ಮಟ್ಟು ಯಾರೊಬ್ಬರ ಆಸ್ತಿಯಲ್ಲ, ಯಾರು ಬೇಕಾದರೂ ಬಳಸಬಹುದು. ಆದರೆ ಯಾರೋ ಮಾಡಿದ ರೆಕಾರ್ಡಿಂಗ್‌ನಿಂದ ತಮಟೆಯ ತುಣುಕು ಕತ್ತರಿಸಿಕೊಂಡರೆ ಆ ರೆಕಾರ್ಡಿಂಗ್‌ನ ಒಡೆಯರ ಒಪ್ಪಿಗೆ ಬೇಕು. ಬಾರಿಸಿದ ಕಲಾವಿದರಿಗೂ ಕಾನೂನಿನಲ್ಲಿ ಪ್ರದರ್ಶಕರ ಹಕ್ಕು ಇದೆ. ಅದು 50 ವರ್ಷ ನಡೆಯುತ್ತದೆ. ಹಳ್ಳಿಯಿಂದ ತಮಟೆಯವರನ್ನು ಕರೆಸಿ ರೆಕಾರ್ಡ್ ಮಾಡುವ ಹುಡುಗರು ಅವತ್ತಿನ ಕೂಲಿ ಕೊಟ್ಟು ಕೈ ತೊಳೆದುಕೊಳ್ಳಬಾರದು. ಹಾಡಿನ ವಿವರದಲ್ಲಿ ಅವರ ಹೆಸರು ಹಾಕಬೇಕು. ಯಾರ ಪಾಲು ಎಷ್ಟು ಎಂದು ಬಿಡುಗಡೆಗೆ ಮೊದಲೇ ಒಂದು ಹಾಳೆಯಲ್ಲಿ ಬರೆದು, ಅವರಿಗೆ ಓದಿ ಹೇಳಿ, ಎಲ್ಲರೂ ಸಹಿ ಹಾಕಬೇಕು. ಡಿಸ್ಟ್ರಿಬ್ಯೂಟರ್‌ನ ಫಾರಂ ತುಂಬುವಾಗ ಕಲಾವಿದರ ಹೆಸರಿಗೆಂದು ಜಾಗ ಇದ್ದೇ ಇರುತ್ತದೆ.